ಖಾಲಿ ಮುಚ್ಚಿದ ಕುಣಿ

ನಮ್ಮ ಸಾಲಿನಲ್ಲಿ ಹನ್ನೊಂದು ಖೋಲಿಗಳಿದ್ದವು, ನಲ್ಲಿ ಮಾತ್ರ ಒಂದೇ. ಅಂದಮೇಲೆ ಜಗಳಕ್ಕೆ ಬೇರೆ ಕಾರಣ ಹುಡುಕಿಕೊಂಡು ಹೋಗುವ ಅಗತ್ಯ ಯಾರಿಗೂ ಇರಲಿಲ್ಲ. ಉಸಗಾಂವದಲ್ಲಿ ಅದಿರಿನ ಟಿಪ್ಪರ್‌ಗಳು ಓಡಾಡುವ ರಸ್ತೆಯ ಕೆಳಗೆ, ಗೇರುಗಿಡಗಳ ಇಳಿಜಾರಿನಲ್ಲಿತ್ತು ಆ ಸಾಲು. ಇದ್ದವರೆಲ್ಲ ವಿಜಾಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರು. ಆರು ಮನೆ ನಮ್ಮವರವು, ಐದು ಮನೆ ಮುಸಲ್ಮಾನರವು. ಕೊಡ ಇಟ್ಟುಕೊಂಡು ಬೈದಾಡುವಾಗ ಆ ವ್ಯತ್ಯಾಸ ಯಾರಿಗೂ ನೆನಪಾಗುತ್ತಿರಲಿಲ್ಲ, ಹೆಂಗಸರೆಲ್ಲ ಒಂದೇ ಸಮ ಬಾಯಿ ಜೋರು. ನನ್ನದು ಎಲ್ಲರಿಗಿಂತ ಜೋರು ಎಂದು ಅವ್ವ ಹೇಳುತ್ತಿದ್ದಳು. ಅದು ಸುಳ್ಳಲ್ಲ.

ಜಗಳ ಕೈಮೀರುವ ಹೊತ್ತಿಗೆ ಏಳನೆಯ ಖೋಲಿಯಿಂದ ಮಾಮಾ ಹೊರಗೆ ಬರುತ್ತಿದ್ದರು. ಅವರು ಗೌಂಡಿ. ಇಂಡಿ ತಾಲೂಕಿನವರು. ಫೋಂಡಾದ ಹೊಸ ಬಿಲ್ಡಿಂಗುಗಳಲ್ಲಿ ಅರ್ಧದಷ್ಟಕ್ಕೆ ತಾವೇ ಗಿಲಾವು ಮಾಡಿದ್ದೆಂದು ಹೇಳಿಕೊಳ್ಳುತ್ತಿದ್ದರು, ನಾವು ಅದರಲ್ಲಿ ಅರ್ಧ ನಂಬುತ್ತಿದ್ದೆವು. ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾನು ಅತ್ತಿ ಅನ್ನುತ್ತಿದ್ದೆ. ಅತ್ತಿ ಊರಲ್ಲೇ ಹೊಲ ನೋಡಿಕೊಂಡಿದ್ದು, ವರ್ಷಕ್ಕೊಮ್ಮೆ ಬಂದು ಒಂದು ತಿಂಗಳು ಇದ್ದು ಹೋಗುತ್ತಿದ್ದರು.

ಯಾರು ಮೊದಲು ಬೈದರು ಎಂದು ಮಾಮಾ ಒಮ್ಮೆಯೂ ಕೇಳಿದ್ದಿಲ್ಲ. ಜಗಳವಾಡಿದ ಇಬ್ಬರಿಗೂ ಸೇರಿಯೇ ಮಾಡಬೇಕಾದ ಒಂದು ಕೆಲಸ ಹಚ್ಚುತ್ತಿದ್ದರು. "ನಳದ ಕಟ್ಟಿ ಒಡದೈತಿ. ನೀ ಉಸುಕ ತಗೊಂಡ ಬಾರವಾ, ನೀ ನೀರ ಹಾಕವಾ, ನಾ ಕಲಸ್ತೀನಿ," ಅನ್ನುತ್ತಿದ್ದರು. ಉಸುಕು ಹೊತ್ತು ನೀರು ಹಾಕುವಷ್ಟರಲ್ಲಿ ಇಬ್ಬರಿಗೂ ದಣಿವಾಗಿ ಮಾಮಾನನ್ನೇ ಬೈಯಲು ಶುರುಮಾಡುತ್ತಿದ್ದೆವು. ಅದೇ ಅವರಿಗೆ ಬೇಕಾಗಿದ್ದದ್ದು. ಒಂದು ವರ್ಷ ಗಣಪತಿ ಮತ್ತು ರಂಜಾನ್ ಒಟ್ಟಿಗೇ ಬಂದು, ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ನಮ್ಮ ಹುಡುಗರು ಮೈಕು ಹಚ್ಚಿ, ದೊಡ್ಡ ರಂಪವಾಯಿತು. ಮಾಮಾ ಎರಡೂ ಕಡೆಯವರನ್ನು ಕರೆದು ಒಂದೇ ತಾಡಪತ್ರಿಯ ಎರಡು ತುದಿ ಹಿಡಿಸಿದರು. ಅದರ ಅರ್ಧದ ಕೆಳಗೆ ಗಣಪತಿ ಕೂತ, ಇನ್ನರ್ಧದ ಕೆಳಗೆ ಖರ್ಜೂರದ ತಟ್ಟೆಗಳು. ಒಂದು ಕಡೆಯವರು ತಾಡಪತ್ರಿ ಎಳೆದರೆ ಇಬ್ಬರ ಮೇಲೂ ಮಳೆ. ಹತ್ತು ದಿನ ಯಾರೂ ಎಳೆಯಲಿಲ್ಲ.

ಆಗ ಗೋವಾದಲ್ಲಿ ಕಾಲ ಅಷ್ಟು ಚೆನ್ನಾಗಿರಲಿಲ್ಲ. ಬೇರೆ ಕಡೆ ಎಲ್ಲೋ ಪ್ರಾರ್ಥನೆಯ ಜಾಗದ ವಿಷಯಕ್ಕೆ ಕಲ್ಲು ತೂರಿದರೆಂದು, ಅಂಗಡಿ ಸುಟ್ಟರೆಂದು ಸುದ್ದಿ ಬರುತ್ತಿತ್ತು. ಹಾಗಾಗಿ ಊರಿಗೊಂದು ಶಾಂತಿ ಸಮಿತಿ ಅಂತ ಮಾಡಿದ್ದರು. ನಮ್ಮ ಕಡೆಯ ಸಮಿತಿಗೆ ಹೊರಗಿನಿಂದ ಬಂದ ಕೂಲಿಗಳ ಪರವಾಗಿ ಮಾಮಾನನ್ನು ಸೇರಿಸಿಕೊಂಡರು. ಸಭೆಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದರು. ಅವ್ವ ಹೊಸ್ತಿಲಲ್ಲಿ ಕೂತು, "ಹೊಂಟ ನೋಡ್ರಿ ಮಂತ್ರಿ!" ಎಂದು ಕಿಚಾಯಿಸುತ್ತಿದ್ದಳು.

ಅವ್ವ ಅವರನ್ನು ತಮ್ಮ ಎಂದು ಕರೆಯುತ್ತಿದ್ದಳು, ಅವರು ಅವಳನ್ನು ಅಕ್ಕ ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದಿದ್ದಳು. ನಾನೊಬ್ಬಳೇ ಮಗಳು. ಅವಳ ಒಡಹುಟ್ಟಿದವರು ಯಾರೂ ಉಳಿದಿರಲಿಲ್ಲ. ಪಂಚಮಿಗೆ ತವರಿನ ಕುಬಸ ಬರಲಿಲ್ಲವೆಂದು ಮೊದಲ ವರ್ಷ ಅವ್ವ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ, ಮಾಮಾ ಫೋಂಡಾ ಬಜಾರದಿಂದ ಒಂದು ಕುಬಸದ ಕಣ ತಂದು ಕೊಟ್ಟರು. ಬಣ್ಣ ನೋಡಿದರೆ ಕಣ್ಣು ಕುಕ್ಕುವಂತಿತ್ತು. ಅವ್ವ ಅದನ್ನೇ ಹೊಲಿಸಿಕೊಂಡು ತೊಟ್ಟಳು, ಅವರಿಗೆ ಶೇಂಗಾದ ಉಂಡಿ ಕಟ್ಟಿಕೊಟ್ಟಳು. ಆಮೇಲೆ ಪ್ರತಿ ಪಂಚಮಿಗೂ ಕುಬಸ ಬಂತು.

ಅವ್ವನಿಗೆ ಸಾವಿನ ಭಯ ಇರಲಿಲ್ಲ, ಬೆಂಕಿಯ ಭಯ ಇತ್ತು. ಬಜಾರಕ್ಕೆ ಹೋಗುವ ದಾರಿಯಲ್ಲಿ ಊರ ಸ್ಮಶಾನದ ತಗಡಿನ ಮಾಡು ಕಾಣುತ್ತದೆ. ಅಲ್ಲಿ ಹೊಗೆ ಎದ್ದಿದ್ದರೆ ಅವಳು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ನಡೆಯುತ್ತಿದ್ದಳು. ನಾವು ಲಿಂಗವಂತರು, ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಕೈಯಲ್ಲಿ ಅವರ ಲಿಂಗ ಇಟ್ಟು, ಮಣ್ಣಿಗೆ ಕೊಡುತ್ತೇವೆ. "ಬದಕಿರೋತನಾ ಒಲಿ ಮುಂದ ಬೆಂದೇನಿ, ಸತ್ತಮ್ಯಾಲೂ ಬೇಯಿಸಬ್ಯಾಡ್ರಿ ನನ್ನ," ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲವೋ ಏನೋ, ಮಾಮಾನಿಂದಲೂ ತೆಗೆದುಕೊಂಡಳು. ಅವರ ಕೈ ಹಿಡಿದು, "ನೀ ಗೌಂಡಿ ಅದಿ. ಮಂದಿ ಗ್ವಾಡಿ ಸೊಟ್ಟ ಆದ್ರ ಆಗವಲ್ದ್ಯಾಕ, ನನ್ನ ಕುಣಿ ಸೊಟ್ಟ ಆಗಬಾರದು ನೋಡಪಾ," ಅಂದಳು. ಮಾಮಾ ನಕ್ಕು, "ನಾನs ತೋಡ್ತೀನಿ ಬಿಡಕ್ಕಾ, ಓಳಂಬಿ ದಾರ ಇಳಿಬಿಟ್ಟು ತೋಡ್ತೀನಿ," ಅಂದರು. ನಾವೆಲ್ಲ ನಕ್ಕೆವು.

ಅವಳು ಸತ್ತದ್ದು ಆಷಾಢದ ಒಂದು ಬೆಳಗ್ಗೆ. ನಾನು ಮಡ್ಕಯಿಯ ಬಾಟಲಿ ಫ್ಯಾಕ್ಟರಿಗೆ ಹೋಗುವ ತಯಾರಿಯಲ್ಲಿದ್ದೆ, ಚಹಾ ತೆಗೆದುಕೊಂಡು ಹೋಗಿ ಎಬ್ಬಿಸಿದರೆ ಏಳಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ನಾನು ಕೂಗಿದ ಕೂಗಿಗೆ ಸಾಲಿಗೆ ಸಾಲೇ ಓಡಿಬಂತು. ಮಾಮಾ ಒಳಗೆ ಬಂದವರು ಅವಳ ಕಾಲ ಬಳಿ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತರು.

ಮಳೆಗಾಲದಲ್ಲಿ ಗಣಿ ನಿಲ್ಲುತ್ತಿತ್ತು. ಟಿಪ್ಪರ್ ಓಡಿಸುವ ನನ್ನ ಗಂಡ ಬಿತ್ತಿಗೆಗೆಂದು ಊರಿಗೆ ಹೋಗಿದ್ದ. ಸಾಮಾನ್ಯವಾಗಿ ನಮ್ಮವರು ಹೆಣವನ್ನು ಗಾಡಿ ಮಾಡಿಕೊಂಡು ಊರಿಗೇ ಒಯ್ಯುತ್ತಾರೆ. ಆದರೆ ಹಿಂದಿನ ಸಂಜೆಯೇ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. ಫೋನಿನಲ್ಲಿ ಗಂಡ ಅಳುತ್ತ, "ದಾರಿ ಯಾವಾಗ ತೆರೀತೈತೋ ಗೊತ್ತಿಲ್ಲ, ಅಲ್ಲೇ ಮಣ್ಣ ಮಾಡ್ರಿ, ಮಾಮಾ ಹೇಳಿದಂಗ ಕೇಳು," ಅಂದ.

ಊರ ಸ್ಮಶಾನದಲ್ಲಿ ಹೂಳಲು ಬಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಮಾಮಾ ಸೀದಾ ಜಮಾತಿನ ಹಿರಿಯರ ಮನೆಗೆ ಹೋದರು. ಹಣ್ಣಿನ ವ್ಯಾಪಾರ ಮಾಡುವ ಆ ಮುದುಕರು ಬಾಗಲಕೋಟೆ ಕಡೆಯವರೇ, ನಮ್ಮ ರೀತಿ ಬಲ್ಲವರು. ಗುಡ್ಡದ ಕೆಳಗಿನ ಕಬರಸ್ತಾನದಲ್ಲಿ, ಗೋರಿಗಳ ಸಾಲು ಬಿಟ್ಟು, ಪಾಗಾರದ ಗೋಡೆಯ ಮೂಲೆಯಲ್ಲಿ ಜಾಗ ಕೊಡುತ್ತೇನೆಂದರು. ಬಾಜಾ ಭಜನೆ ಇಲ್ಲದೆ ಸದ್ದಿಲ್ಲದೆ ಮುಗಿಸಬೇಕು ಅಂದರಂತೆ. ಮಾಮಾ ಮೂವರನ್ನು ಕರೆದುಕೊಂಡು ಸಲಾಕಿ ಗುದ್ದಲಿ ಹಿಡಿದು ಹೊರಟರು.

"ಊರವರನ್ನ ಒಂದ ಮಾತ ಕೇಳೂದ ಬ್ಯಾಡೇನ್ರಿ ಮಾಮಾ?" ಎಂದು ನಾನು ಕೇಳಿದೆ.

"ಕೇಳಿದ್ರ ಬ್ಯಾಡ ಅಂತಾರವಾ. ಮುಗದಮ್ಯಾಲ ಯಾರೂ ತಗೀಯಂಗಿಲ್ಲ," ಅಂದರು.

ಇದು ನಾವು ಗೋವಾದಲ್ಲಿ ಕಲಿತ ಬುದ್ಧಿ. ನಮ್ಮ ಖೋಲಿಗಳ ಹಿಂದೆ ಒಂದೊಂದು ಬಚ್ಚಲು, ಒಂದೊಂದು ಅಡುಗೆಮನೆ ಎದ್ದದ್ದು ಹಾಗೆಯೇ. ರವಿವಾರ ನಸುಕಿನಲ್ಲಿ ಕಲ್ಲು ಕಟ್ಟಿ, ತಗಡು ಹೊದಿಸಿ, ಒಲೆ ಹಚ್ಚಿಬಿಡುವುದು. ಸೋಮವಾರ ಯಾರಾದರೂ ಕೇಳಲು ಬಂದರೆ ಒಲೆಯ ಮೇಲೆ ಅನ್ನ ಕುದಿಯುತ್ತಿರುತ್ತದೆ, ಕುದಿಯುವ ಅನ್ನವನ್ನು ಯಾರೂ ಕೆಡವುವುದಿಲ್ಲ. ಕುಣಿಯನ್ನೂ ಹಾಗೇ ತೋಡಿ ಮುಗಿಸಬಹುದು ಅಂದುಕೊಂಡೆವು. ಎರಡೂ ಕಡೆಯವರನ್ನು ಕರೆದು ಜಗಳ ಬಿಡಿಸುವ ಮನುಷ್ಯ ಅವತ್ತೊಂದು ದಿನ ಯಾರನ್ನೂ ಕೇಳಲಿಲ್ಲ. ನಾನೂ ತಡೆಯಲಿಲ್ಲ. ಮಾತು ಉಳಿಸುವ ಆತುರ ಇಬ್ಬರಿಗೂ ಇತ್ತು.

ಹೆಂಗಸರು ಸೇರಿ ಅವ್ವನನ್ನು ಮೀಯಿಸಿ, ಇಳಕಲ್ಲ ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದೆವು. ತಲೆ ವಾಲದಂತೆ ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿದೆವು. ಮಡ್ಕಯಿಯಲ್ಲಿ ವಾಚ್‌ಮನ್ ಕೆಲಸ ಮಾಡುತ್ತಿದ್ದ ನಮ್ಮ ಜಂಗಮ ಅಯ್ಯನವರಿಗೆ ಹೇಳಿಕಳಿಸಿದೆವು. ಅವರು ಡ್ಯೂಟಿಯ ಪ್ಯಾಂಟಿನ ಮೇಲೇ ಕಾವಿ ಶಾಲು ಹೊದ್ದುಕೊಂಡು ಓಡಿಬಂದರು. ಅವ್ವ ಬದುಕಿದ್ದರೆ ಇದಕ್ಕೆ ಒಂದು ವಾರ ನಗುತ್ತಿದ್ದಳು.

ಹತ್ತು ಗಂಟೆಯ ಸುಮಾರಿಗೆ ಊರ ಸ್ಮಶಾನ ನೋಡಿಕೊಳ್ಳುವ ಹಿರಿಯರು ಬಂದರು. ಅವರು ಇಲ್ಲಿಯವರೇ, ಕೊಂಕಣಿ ಮಾತಿನ ಸಭ್ಯ ಮನುಷ್ಯ. ಊರಲ್ಲಿ ಯಾರೇ ಸತ್ತರೂ ಕಟ್ಟಿಗೆಯ ವ್ಯವಸ್ಥೆಗೆ ತಾವೇ ಬಂದು ನಿಲ್ಲುವವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು, ಗೋಡೆಗೆ ಒರಗಿ ಕೂತ ಅವ್ವನನ್ನು ಕಂಡು ಹಿಂದೆ ಸರಿದರು. ಕೂತ ಹೆಣವನ್ನು ಅವರು ಅದುವರೆಗೆ ನೋಡಿರಲಿಲ್ಲ. ಕಟ್ಟಿಗೆ ಯಾವಾಗ ತರಿಸಲಿ ಎಂದು ಕೇಳಿದರು. ನಾನು ಸುಡುವುದಿಲ್ಲ, ಹೂಳುತ್ತೇವೆ ಅಂದೆ.

"ಹಾಂಗಾ ಪುರಪಾಕ್ ಮೆಳಚೆಂ ನಾ, ಬಾಯ್," ಅಂದರು. ಇಲ್ಲಿ ಹೂಳಲು ಸಿಗುವುದಿಲ್ಲ ಎಂದು. ನಾನು ಎಲ್ಲಿ ಹೂಳುತ್ತೇವೆಂದು ಹೇಳಿಬಿಟ್ಟೆ. ಸುಳ್ಳು ಹೇಳಲು ಹೊಳೆಯಲಿಲ್ಲ.

ಅವರು ಜಗಳ ಮಾಡಲಿಲ್ಲ. ಆದರೆ ಅವರ ಜೊತೆ ಬಂದವರು ಹೊರಗೆ ನಿಂತು ಕೇಳಿಸಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ರಸ್ತೆಯ ಮೇಲೆ ಮೋಟರ್‌ಸೈಕಲ್‌ಗಳು ಬಂದು ನಿಂತವು. ಹಿಂದೂ ಮುದುಕಿಯನ್ನು ಮುಸಲ್ಮಾನರು ತಮ್ಮವಳನ್ನಾಗಿ ಮಾಡಿಕೊಂಡಿದ್ದಾರೆ, ಅದಕ್ಕೇ ಕಬರಸ್ತಾನಕ್ಕೆ ಒಯ್ಯುತ್ತಿದ್ದಾರೆ ಎಂದು ಮಾತು ಹಬ್ಬಿತು. ಆ ಸುದ್ದಿ ಕೇಳಿ ಕಬರಸ್ತಾನದ ಕಡೆಯೂ ಹುಡುಗರು ಸೇರಿದರು. ಅವ್ವನ ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ. ಒಳಗೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಯಾರೂ ಒಳಗೆ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿ ಬಾಗಿಲಲ್ಲಿ ನಿಂತು ಕನ್ನಡದಲ್ಲೇ ಬಾಯಿಗೆ ಬಂದಂತೆ ಬೈದೆ. ಅದರಿಂದ ಒಳ್ಳೆಯದೇನೂ ಆಗಲಿಲ್ಲ.

ಮಧ್ಯಾಹ್ನ ಪಂಚಾಯತಿಯ ಕೋಣೆಯಲ್ಲಿ ಶಾಂತಿ ಸಮಿತಿ ಕೂತಿತು. ಪೊಲೀಸ್ ಸಾಹೇಬರು, ಸ್ಮಶಾನದ ಹಿರಿಯರು, ಜಮಾತಿನ ಹಿರಿಯರು ಮತ್ತು ಮಾಮಾ. ಮಗಳು ಎಂದು ನನ್ನನ್ನೂ ಕರೆಸಿದರು. ಮಾಮಾನ ಮೊಣಕಾಲಿನವರೆಗೆ ಕೆಂಪು ಮಣ್ಣಾಗಿತ್ತು, ಕುಣಿ ತೋಡಿ ಮುಗಿಸಿ ನೇರ ಬಂದಿದ್ದರು. ನನ್ನ ಪಕ್ಕ ಕೂತು ಮೆಲ್ಲಗೆ, "ಕುಣಿ ಚಲೋ ಬಂದೈತವಾ. ಗೂಡನೂ ತಗದೇನಿ, ಅಕ್ಕ ಆರಾಮ ಕುಂದರತಾಳ," ಅಂದರು.

ಆ ಸಭೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡರೂ ಹಾಗೆಯೇ ಅನ್ನಿಸುತ್ತದೆ, ಒಬ್ಬ ಕೆಟ್ಟವನಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸ್ಮಶಾನದ ಹಿರಿಯರು ಕೈ ಮುಗಿದು, ನಿಮ್ಮ ತಾಯಿ ನಮ್ಮೂರಲ್ಲಿ ತೀರಿಕೊಂಡಿದ್ದಾಳೆ, ನಮ್ಮ ತಾಯಿಯ ಹಾಗೆಯೇ ಕಳಿಸುತ್ತೇವೆ, ಒಣ ಕಟ್ಟಿಗೆ ನಮ್ಮ ಮನೆಯಿಂದಲೇ ಬರುತ್ತದೆ, ನಮ್ಮ ಮಕ್ಕಳೇ ಹೆಗಲು ಕೊಡುತ್ತಾರೆ ಅಂದರು. ಜಮಾತಿನ ಮುದುಕರು, ಬೆಳಗ್ಗೆ ಮನಸಾರೆ ಒಪ್ಪಿದ್ದೆ, ಈಗ ನನ್ನ ಮೊಮ್ಮಕ್ಕಳು ಆ ರಸ್ತೆಯಲ್ಲೇ ಶಾಲೆಗೆ ಹೋಗಬೇಕು, ನನ್ನನ್ನು ಮಾಫ್ ಮಾಡು ಮಗಳೇ ಅಂದರು. ಸಾಹೇಬರು, ಹೊರಗೆ ಎರಡೂ ಕಡೆ ಜನ ಇದ್ದಾರೆ, ನನ್ನ ಬಳಿ ಇರುವುದು ನಾಲ್ಕು ಪೊಲೀಸರು, ಕತ್ತಲಾಗುವ ಮೊದಲು ಇದು ಮುಗಿಯಬೇಕು ಅಂದರು.

ಮಾಮಾ ಒಬ್ಬರೇ ಒಪ್ಪಲಿಲ್ಲ. ಎದ್ದು ನಿಂತು, ಮೊದಲು ಹಿಂದಿಯಲ್ಲಿ ಶುರುಮಾಡಿದವರು ಕನ್ನಡಕ್ಕೆ ಇಳಿದುಬಿಟ್ಟರು. "ಕಬರಸ್ತಾನ ಬ್ಯಾಡಾದ್ರ ಬ್ಯಾಡ್ರಿ. ತಪ್ಪ ನಂದು, ಕೇಳದs ತೋಡಿದೆ. ಆದ್ರ ಸುಡೂದೂ ಬ್ಯಾಡ್ರಿ. ಬರ್ಫ ತರ್ತೀನಿ. ಒಂದ ರಾತ್ರಿ ತಡೀರಿ ಸಾಹೇಬ್ರ, ನಾಳಿಗೆ ದಾರಿ ತೆರೀತೈತಿ, ನಾನs ಗಾಡಿ ಮಾಡ್ಕೊಂಡ ಊರಿಗೆ ಒಯ್ತೀನಿ. ಆಕಿಗೆ ಮಾತ ಕೊಟ್ಟೇನ್ರಿ."

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಈತ ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದರು.

ನಾನು ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ. ಕಿಟಕಿಯಾಚೆ ಜನರ ಗದ್ದಲ ಕೇಳುತ್ತಿತ್ತು. ಒಂದು ರಾತ್ರಿ ಅಂದರೆ ಎಷ್ಟು ಉದ್ದ ಎಂದು ನನಗೆ ಗೊತ್ತಿತ್ತು. ಆ ರಾತ್ರಿ ನಮ್ಮ ಹನ್ನೊಂದು ಖೋಲಿಗಳ ತಗಡಿನ ಮೇಲೆ ಮೊದಲ ಕಲ್ಲು ಬಿದ್ದರೆ, ಏಳನೆಯ ಖೋಲಿಯ ಮೇಲೆ ಬೀಳುತ್ತದೆ ಎಂದೂ ಗೊತ್ತಿತ್ತು. ಹೀಗೆಲ್ಲ ಈಗ ಬರೆಯುತ್ತೇನೆ. ಖರೇ ಹೇಳಬೇಕೆಂದರೆ ಅವತ್ತು ಮಾಮಾನ ಜೀವದ ಚಿಂತೆ ಎಷ್ಟಿತ್ತೋ ನನ್ನ ಹೆದರಿಕೆಯೂ ಅಷ್ಟೇ ಇತ್ತು, ಇದೆಲ್ಲ ಬೇಗ ಮುಗಿದರೆ ಸಾಕು ಅನ್ನಿಸಿತ್ತು.

"ಅವರು ಹೇಳೋದು ಬಿಡ್ರಿ. ನಾ ಮಗಳು, ನಾ ಒಪ್ಪೇನಿ. ಸುಡ್ರಿ," ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಅವರಿಗೆ ತಿಳಿಯುವ ಹಿಂದಿಯಲ್ಲಿ ಹೇಳಿದೆ.

ಮಾಮಾ ನನ್ನ ಕಡೆ ತಿರುಗಿದರು. "ಯವ್ವಾ, ವಿಚಾರ ಮಾಡಿ ಹೇಳವಾ," ಅಂದರು. ನಾನು ನೆಲ ನೋಡುತ್ತ ಕೂತೆ. ಸಾಹೇಬರು ಕಾಗದ ಬರೆಸಿದರು. ಹೊರಗೆ ಹೋಗಿ ಎರಡೂ ಕಡೆಯ ಹುಡುಗರಿಗೆ ಹೇಳುವ ಕೆಲಸ ಮಾಮಾನಿಗೇ ಬಂತು, ಅವರ ಮಾತನ್ನು ಎರಡೂ ಕಡೆಯವರು ಕೇಳುತ್ತಿದ್ದರು ಅನ್ನುವ ಕಾರಣಕ್ಕೆ. ಅವರು ಮೆಟ್ಟಿಲ ಮೇಲೆ ನಿಂತು, "ನಾವು ಒಪ್ಪಿಕೊಂಡೇವಿ, ಮನಿಗೆ ಹೋಗ್ರಪಾ," ಅಂದರು. ಜನ ಕೇಳಿದ್ದು ಅದೊಂದೇ ಮಾತು.

ಕೂರಿಸಿದ್ದ ಅವ್ವನನ್ನು ಮಲಗಿಸುವುದು ಸುಲಭವಿರಲಿಲ್ಲ, ಮೈ ಸೆಟೆದಿತ್ತು. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲಾರೆ. ಅಯ್ಯನವರು ಅವಳ ಕೊರಳಿನ ಲಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಹೊರಗೆ ನಿಂತು ಕಣ್ಣೊರೆಸಿಕೊಂಡು ಡ್ಯೂಟಿಗೆ ಹೋದರು. ಸ್ಮಶಾನದ ಹಿರಿಯರು ಹೇಳಿದಂತೆಯೇ ನಡೆದುಕೊಂಡರು. ಒಣ ಕಟ್ಟಿಗೆ ಬಂತು. ಅವರ ಇಬ್ಬರು ಮಕ್ಕಳು ಹೆಗಲು ಕೊಟ್ಟರು, ಇನ್ನೊಂದು ಬದಿಗೆ ಮಾಮಾ. ಯಾರೂ ಬೇಡ ಅನ್ನಲಿಲ್ಲ. ತಗಡಿನ ಮಾಡಿನ ಕೆಳಗಿಂದ ಹೊಗೆ ಎದ್ದಾಗ ನಾನು ದಾರಿಯಲ್ಲೇ ನಿಂತು ನೋಡಿದೆ, ಸೆರಗು ಅಡ್ಡ ಹಿಡಿಯಲಿಲ್ಲ. ನೋಡಲೇಬೇಕು ಅನ್ನಿಸಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಘಾಟಿನ ರಸ್ತೆ ತೆರೆಯಿತು. ಮೊದಲ ಬಸ್ಸಿಗೇ ಬಂದ ಗಂಡ ಬೂದಿಯ ಮುಂದೆ ಕೂತ. ಅವನು ನನ್ನನ್ನು ಏನೂ ಕೇಳಲಿಲ್ಲ. ಅವ್ವನ ಲಿಂಗವನ್ನು ಊರಿಗೆ ಒಯ್ದು ಅಪ್ಪನ ಗದ್ದುಗೆಯ ಪಕ್ಕ ಹುಗಿದು ಬಂದ. ಲಿಂಗ ಮಣ್ಣಿಗೆ ಹೋಯಿತು, ಕಟ್ಟಿಕೊಂಡವಳು ಹೋಗಲಿಲ್ಲ.

ವಾರ ಕಳೆಯುವುದರೊಳಗೆ ಶಾಂತಿ ಸಮಿತಿಯವರು ಇನ್ನೊಂದು ಸಭೆ ಮಾಡಿ ಮಾಮಾನಿಗೆ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಒಬ್ಬ ಮನುಷ್ಯ ಹಟ ಬಿಟ್ಟಿದ್ದರಿಂದ ಊರು ಉಳಿಯಿತು ಎಂದು ಭಾಷಣ ಮಾಡಿದರಂತೆ. ನನ್ನ ಗಂಡ ಹೋಗಿದ್ದ. ಮಾಮಾ ತಲೆ ತಗ್ಗಿಸಿ ನಿಂತಿದ್ದರು ಎಂದು ಹೇಳಿದ.

ಅದರ ಮರುದಿನ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು.

"ಕುಣಿ ಹಂಗs ಐತವಾ," ಅಂದರು. "ನೀರ ನಿಂತೈತಿ. ತೋಡಿದ ಕುಣಿ ಖಾಲಿ ಮುಚ್ಚಬಾರದಂತಾರ. ಅಕ್ಕನ ಉಟ್ಟ ಸೀರಿ ಒಂದ ಇದ್ರ ಕೊಡ್ತಿಯೇನು? ಇಟ್ಟ ಮುಚ್ಚಿ ಬರ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ನನಗೆ ಏನಾಯಿತೋ. ಒಂದು ವಾರದಿಂದ ಯಾರ ಮೇಲೆ ಹರಿಹಾಯಬೇಕೆಂದು ತಿಳಿಯದೆ ಉರಿಯುತ್ತಿದ್ದೆ, ಎದುರಿಗೆ ಸಿಕ್ಕವರು ಅವರು. "ಸುಟ್ಟಮ್ಯಾಲ ಸೀರಿ ಹೂಳಿ ಏನ್ ಮಾಡ್ತೀರಿ?" ಎಂದು ಕೂಗಿದೆ. "ಶಾಲು ಬಂತಲ್ಲ, ಹೊಚಗೊಂಡ ಅಡ್ಡಾಡ್ರಿ! ನಿಮಗ ಶಾಲು ಬರಲಿ ಅಂತ ನಮ್ಮವ್ವ ಬೆಂದಳು!"

ನಲ್ಲಿಯ ಹತ್ತಿರ ಇದ್ದವರೆಲ್ಲ ಅವರ ಉತ್ತರಕ್ಕೆ ಕಾದರು. ಒಪ್ಪಿದಾಕಿ ನೀನೇ ಅಲ್ಲವೇನು ಎಂದು ಅವರು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. "ಆತವಾ," ಎಂದು ತಿರುಗಿ ಹೋದರು. ಸಲಾಕಿ ಬುಟ್ಟಿ ತೆಗೆದುಕೊಂಡು ಒಬ್ಬರೇ ಇಳಿಜಾರು ಇಳಿಯುವುದನ್ನು ನಾನು ಬಾಗಿಲಿಂದ ನೋಡಿದೆ. ಒಳಗೆ ಹಗ್ಗದ ಮೇಲೆ ಅವ್ವನ ಸೀರೆಗಳು ನಾಲ್ಕಿದ್ದವು.

ಆವತ್ತಿನಿಂದ ಸಾಲಿನವರೆಲ್ಲ ಮಾಮಾನೇ ಒಪ್ಪಿಕೊಂಡರು ಎಂದು ತಿಳಿದರು. ನನ್ನ ಗಂಡನೂ ಹಾಗೆಯೇ ತಿಳಿದ. ನಾನು ತಿದ್ದಲಿಲ್ಲ. ಮೊದಮೊದಲು ಸಿಟ್ಟಿನಿಂದ, ಆಮೇಲೆ ನಾಚಿಕೆಯಿಂದ, ಕೊನೆಗೆ ಈಗ ಹೇಳಿ ಏನು ಪ್ರಯೋಜನ ಎಂಬ ಸೋಮಾರಿತನದಿಂದ. ಅವರು ನಮ್ಮನ್ನು ಮಾತಾಡಿಸುವುದು ಬಿಡಲಿಲ್ಲ. ನಮ್ಮ ತಗಡು ಸೋರಿದರೆ ಬಂದು ಸರಿಮಾಡುತ್ತಿದ್ದರು, ಕೊಟ್ಟ ಚಹಾ ನಿಂತೇ ಕುಡಿದು ಹೋಗುತ್ತಿದ್ದರು. ಆದರೆ ನಲ್ಲಿಯ ಜಗಳಕ್ಕೆ ಹೊರಗೆ ಬರುವುದನ್ನು ನಿಲ್ಲಿಸಿದರು. ಒಂದು ಸಲ ಇಬ್ಬರು ಹೆಂಗಸರು ಜುಟ್ಟು ಹಿಡಿದು ಹೊಡೆದಾಡಿದಾಗಲೂ ಏಳನೆಯ ಖೋಲಿಯ ಬಾಗಿಲು ತೆರೆಯಲಿಲ್ಲ.

ಗಣಿಗಳೆಲ್ಲ ಬಂದಾದ ವರ್ಷ ಸಾಲು ಅರ್ಧ ಖಾಲಿಯಾಯಿತು. ಕಟ್ಟಡದ ಕೆಲಸವೂ ಕಡಿಮೆಯಾಗಿ, ಎದೆಯಲ್ಲಿ ಸಿಮೆಂಟಿನ ಕೆಮ್ಮು ಕಟ್ಟಿಕೊಂಡು ಮಾಮಾ ಊರಿಗೆ ಹೊರಟರು. ಬಸ್ಸಿಗೆ ಕಳಿಸಲು ನಾನೂ ಹೋಗಿದ್ದೆ. ಹೇಳಲೇಬೇಕೆಂದು ಬಾಯಿ ತೆರೆದೆ. ಕಂಡಕ್ಟರ್ ಸೀಟಿ ಊದಿದ. ಸೀಟಿ ಊದದಿದ್ದರೂ ಹೇಳುತ್ತಿದ್ದೆನೆಂದು ನನಗೆ ನಂಬಿಕೆಯಿಲ್ಲ. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು.

ನಲವತ್ತನೆಯ ದಿನದ ಫಾತೆಹಾಕ್ಕೆ ನಾನು ಮತ್ತು ಗಂಡ ಅವರ ಊರಿಗೆ ಹೋದೆವು. ಅತ್ತಿ ನನ್ನನ್ನು ಅಪ್ಪಿಕೊಂಡು ಅತ್ತರು. ಗಂಡಸರ ಊಟವಾದ ಮೇಲೆ ಪಡಸಾಲೆಯಲ್ಲಿ ನನಗೆ ಬಡಿಸಿ, ಎದುರಿಗೆ ಕೂತರು.

"ನಿಮ್ಮವ್ವನ ಮ್ಯಾಲ ನನಗೂ ಜೀವ ಇತ್ತು," ಅಂದರು. "ಇವರು ಆ ಸರ್ತಿ ಈದಿಗೆ ಬಂದಾಗ, ಅಕ್ಕನ್ನ ಸುಟ್ಟರು, ನಾನs ಒಪ್ಪಿಬಿಟ್ಟೆ ಅಂದ್ರು. ನಾ ಮೂರ ದಿನ ಮಾತಾಡಿಸಲಿಲ್ಲ ಅವರನ್ನ. ಆಮ್ಯಾಲೂ ಸಿಟ್ಟ ಬಂದಾಗೆಲ್ಲ ಅದನ್ನs ಎತ್ತಿ ಆಡೇನಿ. ಮಾತ ಕೊಟ್ಟು ಉಳಸಲಾರದ ಗಂಡಸು ಅಂದೇನಿ. ಹಾಸಿಗಿ ಹಿಡದಾಗೂ ಒಮ್ಮೆ ಅಂದೆ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅತ್ತಿ, ಅವರು ಒಪ್ಪಲಿಲ್ಲ," ಅಂದೆ. "ಕಡೀತನಾ ಬ್ಯಾಡ ಅಂದವರು ಅವರೊಬ್ಬರs. ಒಪ್ಪಿದಾಕಿ ನಾನು."

ಬೈಯಲಿ ಎಂದು ನಾನು ಕಾದೆ. ಅತ್ತಿ ಬೈಯಲಿಲ್ಲ, ಮೊಣಕಾಲಿಗೆ ಕೈ ಊರಿ ಎದ್ದು ಒಳಗಿನ ಕೋಣೆಗೆ ಹೋದರು. ಅಲ್ಲಿ ಮಾಮಾನ ಮಂಚ ಇತ್ತು. ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ಅಳುವಿನ ನಡುವೆ ಅವರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು, "ನನಗರ ಹೇಳಬಾರದಾಗಿತ್ತೇನ್ರೀ? ನನಗರ ಹೇಳಬಾರದಾಗಿತ್ತೇನ್ರೀ?"